ಹೊರುವ ಗಾಡಿ, ಹಾರುವ ಗಾಡಿ

ಗಾಡಿಯ ವಿಷಯ ಹೆಂಗಸರದಲ್ಲ ಎಂಬ ನಂಬಿಕೆ ನಮ್ಮ ಕಡೆ ಬಹಳ ಹಳೆಯದು. ಕುಕ್ಕರ್ ಕೊಳ್ಳುವಾಗ ಮೂರು ಅಂಗಡಿ ಹತ್ತಿ ಇಳಿಯುವ ಸ್ವಾತಂತ್ರ್ಯ ನಮಗುಂಟು. ಅದರ ನೂರರಷ್ಟು ದುಡ್ಡು ಸುರಿದು ಗಾಡಿ ತರುವಾಗ ಮಾತ್ರ ನಮ್ಮ ಪಾಲಿಗೆ ಬರುವುದು ಆರತಿ ತಟ್ಟೆ, ಚಕ್ರದ ಕೆಳಗಿಡುವ ನಾಲ್ಕು ನಿಂಬೆಹಣ್ಣು. ಕಥೆ, ಕಾದಂಬರಿ, ಸಿನಿಮಾಗಳನ್ನು ಕುರಿತು ವಿಮರ್ಶೆ ಬರೆಯುತ್ತೇವೆ. ಮನೆಯ ಮುಂದೆ ನಿಂತು, ತಿಂಗಳ ಕಂತಿನ ರೂಪದಲ್ಲಿ ಐದು ವರ್ಷ ನಮ್ಮ ಡಬ್ಬದ ದುಡ್ಡನ್ನು ನುಂಗುವ ಈ ವಸ್ತುವನ್ನು ಕುರಿತು ಯಾಕೆ ಬರೆಯಬಾರದು?

ಈ ಯೋಚನೆ ಹುಟ್ಟಿಸಿದವನು ನನ್ನ ತಂಗಿಯ ಮಗ. ರಜೆಗೆ ಬಂದವನು ಮೊಬೈಲಿನಲ್ಲಿ ಯಾವುದೋ ಅಮೆರಿಕದ ವಾದವಿವಾದ ನೋಡುತ್ತ, "ದೊಡ್ಡಮ್ಮ, ದಿನಾ ಓಡಾಡೋಕೆ ಪಿಕಪ್ ಟ್ರಕ್ ವಾಸಿನೋ, ಸ್ಪೋರ್ಟ್ಸ್ ಕಾರ್ ವಾಸಿನೋ?" ಎಂದು ಕೇಳಿದ. ನನಗೆ ನಗು ಬಂತು. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಮುಂದೆ ಸ್ಪೋರ್ಟ್ಸ್ ಕಾರು ನಿಂತರೆ ಅದರ ಸುತ್ತ ನೆರೆಯುವ ಜನರನ್ನು ಚದುರಿಸಲು ಪೊಲೀಸರೇ ಬರಬೇಕಾದೀತು. ಆದರೆ ಆಮೇಲೆ ಯೋಚಿಸಿದರೆ, ಹೆಸರು ಬೇರೆಯಾದರೂ ಈ ಪ್ರಶ್ನೆ ನಮ್ಮ ಮನೆಗಳಲ್ಲೂ ಇದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ನಾಲ್ಕೆಕರೆ ಶೇಂಗಾ ಹೊಲ ಮತ್ತು ಪಿ.ಯು.ಸಿ. ಮುಗಿಸಿದ ಒಬ್ಬ ಮಗ ಇರುವ ಯಾವ ಮನೆಗೆ ಹೋದರೂ ಅಪ್ಪ-ಮಕ್ಕಳ ಜಗಳ ಇದೇ. ಮಗನಿಗೆ ಪಲ್ಸರ್ ಬೇಕು, ಡ್ಯೂಕ್ ಬೇಕು. ಅಪ್ಪ ಲಗೇಜ್ ಆಟೋಗೆ ಸಾಲ ಸಿಕ್ಕೀತೇ ಎಂದು ಲೆಕ್ಕ ಹಾಕುತ್ತಿರುತ್ತಾನೆ. ತಾಯಿ ರೊಟ್ಟಿ ತಟ್ಟುತ್ತ ಎರಡೂ ಕಡೆಯ ಮಾತು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ.

ಮೊದಲು ಹಾರುವ ಗಾಡಿಯನ್ನೇ ನೋಡೋಣ. 2001ರಲ್ಲಿ ಬಜಾಜ್ ಕಂಪನಿ ಪಲ್ಸರ್ ಬೈಕನ್ನು ಬಿಟ್ಟಾಗ ಅದರ ಜಾಹೀರಾತಿನ ಘೋಷಣೆ 'ಡೆಫಿನೆಟ್ಲಿ ಮೇಲ್' ಎಂದಿತ್ತು. ಅಂದರೆ ಅನುಮಾನವೇ ಬೇಡ, ಇದು ಗಂಡು! ಕಬ್ಬಿಣಕ್ಕೆ ಗಂಡಸುತನ ಎಲ್ಲಿಂದ ಬಂತೋ ನಾನರಿಯೆ. ಆದರೆ ಆ ಎರಡು ಪದ ನಮ್ಮ ಹುಡುಗರ ತಲೆಯಲ್ಲಿ ಎಷ್ಟು ಆಳಕ್ಕಿಳಿಯಿತೆಂದರೆ, ಅಲ್ಲಿಯವರೆಗೆ 'ಕಿಲೋಮೀಟರ್ ಎಷ್ಟು ಕೊಡುತ್ತೆ' ಎಂದು ಕೇಳುತ್ತಿದ್ದವರು 'ಸಿ.ಸಿ. ಎಷ್ಟು' ಎಂದು ಕೇಳತೊಡಗಿದರು. 2012ರಲ್ಲಿ ಕೆ.ಟಿ.ಎಂ. ಡ್ಯೂಕ್ ಬಂದ ಮೇಲೆ ಹಿಂದಿನ ಸೀಟು ಮೇಲಕ್ಕೆದ್ದು ಅಂಗೈಯಗಲವಾಯಿತು. ಸೀರೆಯುಟ್ಟ ಹೆಂಗಸು ಅದರ ಮೇಲೆ ಒಂದು ಪಕ್ಕಕ್ಕೆ ಕೂತು ದೊಡ್ಡೇರಿಯವರೆಗೆ ಹೋಗಿಬಂದರೆ ಅದೊಂದು ವ್ರತ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ನಮಗಾಗಿಯೇ ಇದೆ. ಹಿಂದೆ ಕೂರುವವರಿಗೆ ಹಿಡಿಯಲು ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರವನ್ನಾದರೂ ಮುಚ್ಚುವ ತಡೆ ಇರಬೇಕು ಎನ್ನುತ್ತದೆ ಅದು. ಅಂಗಡಿಯಿಂದ ಬರುವಾಗ ಅದೆಲ್ಲ ಇರುತ್ತದೆ. ಮನೆಗೆ ಬಂದ ವಾರಕ್ಕೆ, ಅಂದಗೆಡುತ್ತದೆಂದು ನಮ್ಮ ಸುಪುತ್ರರು ಸ್ಪ್ಯಾನರ್ ತಂದು ಸೀರೆಯ ತಡೆಯನ್ನು ಬಿಚ್ಚಿಡುತ್ತಾರೆ. ಸೆರಗು ಚಕ್ರಕ್ಕೆ ಸುತ್ತಿಕೊಂಡು ಬಿದ್ದ ಹೆಂಗಸರ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ.

ನಿಜವಾದ ಸ್ಪೋರ್ಟ್ಸ್ ಕಾರಿನ ಮಾತು ಬಂದರೆ ಬೆಂಗಳೂರಿಗೇ ಹೋಗಬೇಕು. 2025ರ ಫೆಬ್ರುವರಿಯಲ್ಲಿ ತೆರಿಗೆ ಕಟ್ಟದೆ ಓಡಾಡುತ್ತಿದ್ದ 30 ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ಅಲ್ಲಿ ಹಿಡಿಯಿತು. ಅದೇ ವರ್ಷದ ಜುಲೈನಲ್ಲಿ ಹೊರರಾಜ್ಯದ ನಂಬರಿನ ಒಂದು ಫೆರಾರಿಯ ಮಾಲೀಕರು ದಂಡ ಸಮೇತ ಕಟ್ಟಿದ ತೆರಿಗೆ ಒಂದು ಕೋಟಿ 41 ಲಕ್ಷಕ್ಕೂ ಮಿಕ್ಕಿತ್ತು. ಗಮನಿಸಿ, ಅದು ಕಾರಿನ ಬೆಲೆಯಲ್ಲ, ಬರೀ ತೆರಿಗೆ. ಅದರ ಹಿಂದಿನ ತಿಂಗಳಷ್ಟೇ ಟಾಟಾದವರು 'ಏಸ್ ಪ್ರೊ' ಎಂಬ ಪುಟ್ಟ ಲಗೇಜ್ ಗಾಡಿ ಬಿಟ್ಟಿದ್ದರು. ಆರಂಭದ ಬೆಲೆ 3 ಲಕ್ಷ 99 ಸಾವಿರ. ಮಕ್ಕಳಿಗೆ ಕೊಡುವ ಲೆಕ್ಕದಂತೆ ಭಾಗಿಸಿ ನೋಡಿದೆ. ಒಂದು ಕಾರಿನ ತೆರಿಗೆಯಲ್ಲಿ 35 ಲಗೇಜ್ ಗಾಡಿ! ಆ ಕಾರು ಗಂಟೆಗೆ 340 ಕಿಲೋಮೀಟರ್ ಓಡಬಲ್ಲದಂತೆ. ಓಡಲಿ, ಆದರೆ ಎಲ್ಲಿ?

ಎಲ್ಲಿ ಎಂಬುದಕ್ಕೆ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ಉತ್ತರವಿದೆ. ಕುದಾಪುರದ ಕಡೆ ಅಮೃತಮಹಲ್ ಕಾವಲಿನಲ್ಲಿ ಡಿ.ಆರ್.ಡಿ.ಓ.ದ ವೈಮಾನಿಕ ಪರೀಕ್ಷಾ ಕೇಂದ್ರ ಇದೆಯಲ್ಲ, ಅಲ್ಲಿ ಇಸ್ರೋದವರು 2023 ಮತ್ತು 2024ರಲ್ಲಿ ಮೂರು ಸಲ 'ಪುಷ್ಪಕ'ದಂಥ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಕ್ಕೆ ಬಿಟ್ಟು ಇಳಿಸಿದರು. 2024ರ ಜೂನ್ 23ರಂದು ಅದು ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ನಿಲ್ಲಿಸಲು ಹಿಂದುಗಡೆ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಮೊದಲು ನೂರರ ಹತ್ತಿರಕ್ಕೆ ತರಬೇಕಾಯಿತು. ಅಷ್ಟು ವೇಗಕ್ಕೆ ಬೇಲಿ ಹಾಕಿದ ನೆಲ ಬೇಕು, ಎಮ್ಮೆ ಅಡ್ಡ ಬರದ ರನ್‌ವೇ ಬೇಕು, ಅದರ ಸುತ್ತ ಕಾವಲುಗಾರರು ಬೇಕು. ಒಂದು ಕಾಲಕ್ಕೆ ಆ ಕಾವಲಿನಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ನೂತು, ಚಳ್ಳಕೆರೆಯ ಕಂಬಳಿ ಮಾಡಿದ ಜನಕ್ಕೆ ಈಗ ಮೇವಿನ ನೆಲ ಕಡಿಮೆಯಾಗಿದೆ. ಆ ನೋವಿನ ಕತೆಯನ್ನು ಇನ್ನೊಂದು ಸಲ ಬರೆಯುತ್ತೇನೆ. ನನ್ನ ಮಾತು ಇಷ್ಟೆ: ಇಸ್ರೋದವರು ವೇಗಕ್ಕೆ ಬೇರೆ ನೆಲ ಮಾಡಿಕೊಂಡರು. ನಮ್ಮ ಹುಡುಗರು ಅದೇ ವೇಗದ ಆಸೆಯನ್ನು ಸಂತೆಬೀದಿಯಲ್ಲಿ, ಶಾಲೆ ಬಿಡುವ ಹೊತ್ತಿನಲ್ಲಿ ತೀರಿಸಿಕೊಳ್ಳುತ್ತಾರೆ.

ಇನ್ನು ರಸ್ತೆಯುಬ್ಬು. ಶಾಸ್ತ್ರದ ಪ್ರಕಾರ ಅದರ ಎತ್ತರ ಹತ್ತು ಸೆಂಟಿಮೀಟರ್, ಅಗಲ ಮೂರು ಮುಕ್ಕಾಲು ಮೀಟರಿನ ಹತ್ತಿರ. ನಮ್ಮೂರಿನ ಉಬ್ಬುಗಳಿಗೆ ಯಾವ ಶಾಸ್ತ್ರವೂ ಇಲ್ಲ. ಅಪಘಾತವಾದ ಮಾರನೆಯ ದಿನ ಊರವರೇ ಜಲ್ಲಿ ಸುರಿದು ಕಟ್ಟಿಕೊಂಡವು ಅವು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಸ್ಪೋರ್ಟ್ಸ್ ಕಾರು ಮೊಳಕಾಲ್ಮುರಿನ ಒಂದು ಉಬ್ಬಿನ ಮೇಲೆ ಸಿಕ್ಕಿಕೊಂಡರೆ ಆಮೇಲೆ ಅದನ್ನು ಎತ್ತಿ ಸಾಗಿಸಲು ಬರುವುದು ಒಂದು ಹೊರುವ ಗಾಡಿಯೇ.

ಹೊರುವ ಗಾಡಿಯ ಕತೆ ಇದಕ್ಕಿಂತ ಸ್ವಾರಸ್ಯದ್ದು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿನ ಹಿಂದೆ ಒಂದು ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ರೈತರು ಅದನ್ನು ಹೊಲಕ್ಕೂ ಚರ್ಚಿಗೂ ಬಳಸಿದರು. ನಮ್ಮಲ್ಲಿ ಆ ಕೆಲಸ ಮಾಡಲು ಎತ್ತಿನ ಗಾಡಿ ಇತ್ತು. ಅದಾದ ಮೇಲೆ ಬಂದದ್ದು ಒಂದೋ ಲಾರಿ, ಇಲ್ಲವೇ ಮೂರು ಚಕ್ರದ ಗೂಡ್ಸ್ ಆಟೋ. ಲಾರಿ ಓಣಿಗೆ ಬರುವುದಿಲ್ಲ, ಮೂರು ಚಕ್ರದ್ದು ದಿಣ್ಣೆ ಹತ್ತುವುದಿಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ ಡೀಸೆಲ್ ಇಂಜಿನ್, ಹದಿನಾರು ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. ಉತ್ತರದವರು ಅದನ್ನು 'ಛೋಟಾ ಹಾಥಿ' ಎಂದರು. ನಾವು ಲಗೇಜ್ ಆಟೋ ಎಂದೆವು. ಹದಿನಾರು ಅಶ್ವಶಕ್ತಿ ಎಂದರೆ ಎಷ್ಟು? ನಮ್ಮ ಹುಡುಗರ ಡ್ಯೂಕ್ 200ಕ್ಕೆ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ಒಬ್ಬ ಹುಡುಗನನ್ನು ಟೀ ಅಂಗಡಿಯವರೆಗೆ ಒಯ್ಯಲು ಬೇಕಾದ್ದಕ್ಕಿಂತ ಕಡಿಮೆ ಶಕ್ತಿಯಲ್ಲಿ 750 ಕಿಲೋ ಹೊತ್ತುಕೊಂಡು ಹೋಗುತ್ತದೆ ಆ ಬಡಪಾಯಿ! ಚೀಲಕ್ಕೆ 35 ಕಿಲೋ ಶೇಂಗಾ ಎಂದಿಟ್ಟುಕೊಂಡರೆ 21 ಚೀಲ.

ಚಳ್ಳಕೆರೆಗೆ ಎಣ್ಣೆಯ ಊರು ಎಂದು ಹೆಸರು. ಮಿಲ್ಲುಗಳ ಸದ್ದು ಹಿಂದಿನಷ್ಟಿಲ್ಲದಿದ್ದರೂ ಶೇಂಗಾ ಬರುವುದು, ಹಿಂಡಿ ಹೋಗುವುದು ನಿಂತಿಲ್ಲ. ಲಗೇಜ್ ಆಟೋದ ಒಂದು ದಿನವನ್ನು ನಮ್ಮ ಬೀದಿಯಲ್ಲಿ ನಿಂತು ನೋಡಬೇಕು. ನಸುಕಿಗೆ ಟೊಮೆಟೊ ಕ್ರೇಟು, ಈರುಳ್ಳಿ ಚೀಲ. ಎಂಟು ಗಂಟೆಗೆ ಕುಡಿಯುವ ನೀರಿನ ಕ್ಯಾನುಗಳು. ಹತ್ತಕ್ಕೆ ಸಿಮೆಂಟು, ಅದರ ಧೂಳು ಕೊಡವಿ ಹನ್ನೆರಡಕ್ಕೆ ಮದುವೆ ಮನೆಯ ಪಾತ್ರೆ, ಕುರ್ಚಿ, ಶಾಮಿಯಾನ. ಮಧ್ಯಾಹ್ನ ವರ್ಗವಾದ ಯಾವುದೋ ಟೀಚರಮ್ಮನ ಮನೆ ಸಾಮಾನು, ಅದರ ತುದಿಯಲ್ಲಿ ತುಳಸಿ ಕುಂಡ. ಸಂಜೆಗೆ ಕುರಿ, ಇಲ್ಲವೇ ಮೇವು. ಮೊಳಕಾಲ್ಮುರಿಗೆ ಹೋದರೆ ರೇಷ್ಮೆಯ ಕೆಲಸ. ಅಲ್ಲಿಯ ಸೀರೆ ತೂಕದ ವಸ್ತುವಲ್ಲ, ಬೆಲೆಯ ವಸ್ತು. ನೂಲು ಒಂದು ಮನೆಯಿಂದ ಇನ್ನೊಂದು ಮನೆಗೆ, ಸುತ್ತುವವರಿಂದ ಹಾಸು ಹಾಕುವವರಿಗೆ, ಅಲ್ಲಿಂದ ಮಗ್ಗಕ್ಕೆ, ಮಗ್ಗದಿಂದ ಸಾವುಕಾರರ ಅಂಗಡಿಗೆ ಓಡಾಡುತ್ತಲೇ ಇರಬೇಕು. ಆ ಓಡಾಟವನ್ನು ಲಗೇಜ್ ಆಟೋಕ್ಕಿಂತ ಹೆಚ್ಚಾಗಿ ಮಾಡುವುದು ಟಿ.ವಿ.ಎಸ್. ಎಕ್ಸೆಲ್ ಮೊಪೆಡ್. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಚೀಲ, ಹಿಂದೆ ಎರಡು ಗಂಟು, ನಡುವೆ ಒಬ್ಬ ಮನುಷ್ಯ. ಅದನ್ನು ಕೊಳ್ಳಲು ಯಾವ ಹುಡುಗನೂ ಹಟ ಹಿಡಿದದ್ದನ್ನು ನಾನು ಕಂಡಿಲ್ಲ. ನಿಮಗೆ ನಗು ಬರಬಹುದು, ನಮ್ಮ ಕಡೆಯ ಅಸಲಿ ಪಿಕಪ್ ಎಂದರೆ ಅದೇ. ಹಿಂದೆ ಇದೇ ಹೊರೆ ಹೆಂಗಸರ ತಲೆಯ ಮೇಲಿತ್ತು, ಸೊಂಟದ ಮೇಲಿತ್ತು. ಗಾಡಿ ಬಂದಾಗ ಇಳಿದ ಭಾರ ಯಾರದೆಂದು ಕೇಳಿದರೆ, ಹೊರುವ ಗಾಡಿಯ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

ಹಾಗಾದರೆ ತೀರ್ಪು ಆಯಿತೇ? ಇಲ್ಲ. ಹೊರುವ ಗಾಡಿ ಸಾಧು, ಹಾರುವ ಗಾಡಿ ಪೋಕರಿ ಎಂದು ನೀತಿಪಾಠ ಹೇಳಿ ಮುಗಿಸುವುದು ಸುಲಭ. ಅಪ್ಪಂದಿರು ಹೇಳುವುದೂ ಅದನ್ನೇ. ಆದರೆ ಅದರಲ್ಲೂ ಹುಳುಕಿದೆ.

ಹೊರುವ ಗಾಡಿ ಹೊರೆ ಇದ್ದಾಗ ಮಾತ್ರ ಸೊಗಸು. ಅದರ ಹಿಂಭಾಗದ ಉಕ್ಕಿನ ಪಟ್ಟಿಗಳ ಸ್ಪ್ರಿಂಗನ್ನು ಟನ್ನಿನ ಲೆಕ್ಕದಲ್ಲಿ ಬಿಗಿ ಮಾಡಿರುತ್ತಾರೆ. ಖಾಲಿ ಓಡಿಸಿದರೆ ಅದು ಬಗ್ಗುವುದಿಲ್ಲ, ರಸ್ತೆಯ ಪ್ರತಿ ಕಲ್ಲನ್ನೂ ನೇರವಾಗಿ ನಮ್ಮ ಬೆನ್ನುಮೂಳೆಗೆ ವರದಿ ಮಾಡುತ್ತದೆ. ಹಿಂದೆ ತೂಕವಿಲ್ಲದ್ದರಿಂದ ಮಳೆಯಲ್ಲಿ ಬ್ರೇಕು ಹಾಕಿದರೆ ಬಾಲ ಅತ್ತಿತ್ತ ಹೊರಳುತ್ತದೆ. ತುಂಬಿದ ಗಾಡಿಗಿಂತ ಬರಿಗಾಡಿಯ ಸದ್ದು ಹೆಚ್ಚೆಂದು ಎತ್ತಿನ ಗಾಡಿಯ ಕಾಲದವರು ಬಲ್ಲರು. ಆಸ್ಪತ್ರೆಗೆ, ಶಾಲೆಗೆ, ತವರಿಗೆ ಹೋಗಲು ದಿನವೂ ಇದನ್ನೇ ಹತ್ತು ಎಂದರೆ, ನಡು ನೋವಿನ ನಮ್ಮಂಥವರು ಬಸ್ಸೇ ಮೇಲು ಎನ್ನುತ್ತೇವೆ.

ಇನ್ನೊಂದು ಹೊಸ ತಮಾಷೆ ಶುರುವಾಗಿದೆ. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈಲಕ್ಸ್, ಹೀಗೆ ಶೋಕಿಯ ಪಿಕಪ್ಪುಗಳು ಬಂದಿವೆ. ಮುಂದೆ ಎ.ಸಿ., ಚರ್ಮದ ಸೀಟು, ಬಿಳಿ ಬೋರ್ಡು. ಹಿಂದೆ ಒಂದು ದೊಡ್ಡ ತೊಟ್ಟಿ, ಅದರಲ್ಲಿ ಏನೂ ಇಲ್ಲ. ಹೆದ್ದಾರಿಯ ಡಾಬಾದ ಮುಂದೆ ನಿಂತಿದ್ದ ಅಂಥದೊಂದರ ತೊಟ್ಟಿಯಲ್ಲಿ ನಾನು ಇಣುಕಿದೆ. ಒಂದು ಗೀರೂ ಇರಲಿಲ್ಲ, ಒಂದು ಶೇಂಗಾ ಸಿಪ್ಪೆಯೂ ಇರಲಿಲ್ಲ. ಬಳ್ಳಾರಿ ಕಡೆಯಿಂದ ಬಂದಿದ್ದ ಅದರ ಯಜಮಾನರಿಗೆ ಕೂಲಿಂಗ್ ಗ್ಲಾಸು ಚೆನ್ನಾಗಿ ಒಪ್ಪಿತ್ತು. ಅದು ಪಿಕಪ್ಪಿನ ವೇಷ ಹಾಕಿದ ಸ್ಪೋರ್ಟ್ಸ್ ಕಾರು. ಇದಕ್ಕಿಂತ ನೇರವಾಗಿ ಸ್ಪೋರ್ಟ್ಸ್ ಕಾರು ಕೊಂಡವನೇ ಪ್ರಾಮಾಣಿಕ, ಆಟಕ್ಕೆ ಆಟ ಎಂದು ಒಪ್ಪಿಕೊಂಡಿರುತ್ತಾನೆ. ಮನುಷ್ಯನಿಗೆ ಆಟವೂ ಬೇಕು. ಟ್ರ್ಯಾಕ್ಟರ್ ಮಾಡಿ ದೊಡ್ಡವನಾದ ಇಟಲಿಯ ಫೆರುಚಿಯೊ ಲ್ಯಾಂಬೋರ್ಗಿನಿ 1963ರಲ್ಲಿ ಸ್ಪೋರ್ಟ್ಸ್ ಕಾರಿನ ಕಂಪನಿ ತೆರೆದನಲ್ಲ! ಹೊಲ ಉಳುವ ಯಂತ್ರದ ದುಡ್ಡಿನಲ್ಲಿ ಹಾರುವ ಗಾಡಿ. ನಮ್ಮ ಶೇಂಗಾ ಬೆಳೆಯುವ ಅಪ್ಪ ಮಗನಿಗೆ ಪಲ್ಸರ್ ಕೊಡಿಸುವುದೂ ಅದೇ ಜಾತಿಯ ಆಸೆ. ಒಂದೇ ವ್ಯತ್ಯಾಸ, ಲ್ಯಾಂಬೋರ್ಗಿನಿ ಮಳೆಗಾಗಿ ಕಾಯಬೇಕಾಗಿರಲಿಲ್ಲ.

ಹುಳುಕುಗಳಲ್ಲಿ ದೊಡ್ಡದನ್ನು ಇನ್ನೂ ಹೇಳಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಲಗೇಜ್ ಆಟೋ ಹೊರುವ ಅತಿ ದೊಡ್ಡ ಲಗೇಜು ಯಾವುದು ಹೇಳಿ? ಹೆಂಗಸರು. ಶೇಂಗಾ ಕೀಳಲು, ಈರುಳ್ಳಿ ಕೊಯ್ಯಲು, ಬೆಳಗಿನ ಆರು ಗಂಟೆಗೆ ಬುತ್ತಿ ಗಂಟು ಹಿಡಿದು ಹಿಂದಿನ ಬಾಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ನಿಂತಿರುತ್ತಾರೆ. ಕೂತರೆ ಜಾಗ ಸಾಲದು. ಗೌರಸಮುದ್ರದ ಮಾರಮ್ಮನ ಜಾತ್ರೆಗೆ, ನಾಯಕನಹಟ್ಟಿಯ ತೇರಿಗೆ ಹೋಗುವಾಗಲೂ ಹಾಗೆಯೇ. ಮುಂದಿನ ಸೀಟಿನಲ್ಲಿ ಗಂಡಸರು, ಹಿಂದೆ ಹೆಂಗಸರು, ಮಕ್ಕಳು, ಹರಕೆಯ ಕುರಿ. "ಬಸ್ಸು ಫ್ರೀ ಐತಲ್ಲಮ್ಮ, ಇದರಾಗ್ಯಾಕೆ ಹೋಗ್ತೀರಿ?" ಎಂದು ಒಬ್ಬಾಕೆಯನ್ನು ಕೇಳಿದೆ. "ಬಸ್ಸು ಹೊಲಕ್ಕೆ ಬರುತ್ತೇನ್ರೀ ಮೇಡಮ್ಮೋರೆ?" ಎಂದಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿನ ಚಿಂತೆ ಹೋಯಿತು, ನಿಜ. ಆದರೆ ಬಸ್ಸು ಹೋಗುವುದು ಬಸ್ಸಿನ ದಾರಿಯಲ್ಲಿ, ಕೂಲಿ ಇರುವುದು ಬೆದ್ದಲಿನಲ್ಲಿ.

ಈ ಪ್ರಯಾಣದ ಕಾನೂನು ನಮ್ಮ ಓದುಗರಿಗೆ ತಿಳಿದಿರಲೇಬೇಕು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವಂತಿಲ್ಲ. 1994ರ ತಿದ್ದುಪಡಿಯ ಪ್ರಕಾರ, ಸರಕಿನ ಜೊತೆ ಹೋಗುವ ಅದರ ಒಡೆಯ ಅಥವಾ ಒಡೆಯ ಕಳಿಸಿದ ಪ್ರತಿನಿಧಿಗೆ ಗಾಡಿಯ ಕಡ್ಡಾಯ ವಿಮೆಯ ರಕ್ಷಣೆ ಉಂಟು. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಇಲ್ಲ. ಆಶಾ ರಾಣಿ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರ ಕೊನೆಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಕೆಲವು ಮೊಕದ್ದಮೆಗಳಲ್ಲಿ ವಿಮಾ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಕೋರ್ಟುಗಳು ಹೇಳಿದ್ದುಂಟು, ಆದರೆ ಅದು ಪುಣ್ಯ ಇದ್ದವರ ಪಾಲಿಗೆ. ಅಂದರೆ ಟೊಮೆಟೊ ಜೊತೆ ಕೂತ ಟೊಮೆಟೊ ಸಾವುಕಾರನಿಗೆ ವಿಮೆ ಇದೆ, ಆ ಟೊಮೆಟೊ ಬಿಡಿಸಲು ಹೊರಟ ಕೂಲಿ ಹೆಂಗಸಿಗೆ ಇಲ್ಲ. 2024ರ ಮೇ 20ರಂದು ಛತ್ತೀಸಗಢದ ಕಬೀರಧಾಮ ಜಿಲ್ಲೆಯಲ್ಲಿ ಬೀಡಿ ಎಲೆ ಕಿತ್ತು ಮನೆಗೆ ಮರಳುತ್ತಿದ್ದವರ ಪಿಕಪ್ ಕಮರಿಗೆ ಉರುಳಿ 19 ಜನ ಸತ್ತರು. ಬಹುಪಾಲು ಹೆಂಗಸರೇ. ಆ ಸುದ್ದಿ ಓದಿದ ದಿನ ನಮ್ಮ ಶಾಲೆಯ ಗೇಟಿನ ಮುಂದೆ ಎಂದಿನಂತೆ ಒಂದು ಗಾಡಿ ಹಾದುಹೋಯಿತು. ಅದರಲ್ಲಿದ್ದ ಒಬ್ಬಾಕೆ, ಏಳನೆಯ ತರಗತಿಯ ತನ್ನ ಮಗಳತ್ತ ಕೈ ಬೀಸುತ್ತಿದ್ದಳು. ಎರಡೂ ಕೈ ಬಿಟ್ಟು ಬೀಸುತ್ತಿದ್ದಳು.

ಆದ್ದರಿಂದ ಹೊರುವ ಗಾಡಿ ವಾಸಿಯೋ ಹಾರುವ ಗಾಡಿ ವಾಸಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ವಕ್ರವಾಗಿದೆ. ದುಡಿಮೆಗೆ ಲಗೇಜ್ ಆಟೋ ಸರಿ. ಮಗ ಎರಡು ವರ್ಷ ಅದನ್ನು ಓಡಿಸಿದರೆ ಬೈಕಿನ ದುಡ್ಡನ್ನೂ ಅದೇ ದುಡಿದು ಕೊಟ್ಟೀತು. ಬಾಡಿಗೆ ಸಿಕ್ಕದ ತಿಂಗಳಲ್ಲೂ ಕಂತು ತಪ್ಪದು ಎಂಬುದನ್ನು ಮಾತ್ರ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಸಂಸಾರವನ್ನು ಸಾಗಿಸಲು ಅದು ತಕ್ಕ ಗಾಡಿಯಲ್ಲ, ಹಿಂದೆ ಕೂರಿಸುತ್ತೇನೆಂದವರ ಗಾಡಿಯನ್ನು ಹತ್ತಬೇಡಿ. ಬೈಕೇ ತರುವುದಾದರೆ ಸೀರೆಯ ತಡೆಯನ್ನು ಬಿಚ್ಚಲು ಬಿಡಬೇಡಿ. ಸ್ಪ್ಯಾನರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡಿ.

ಇನ್ನೊಂದು ಸಮಾಚಾರ ಹೇಳಬೇಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7500 ಕಿಲೋ ಒಳಗಿನ ಸರಕಿನ ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಎಂದು ತೀರ್ಪು ಕೊಟ್ಟಿತು. ಲಗೇಜ್ ಆಟೋ ಅದರ ಕಾಲುಭಾಗದ ತೂಕವೂ ಇಲ್ಲ. ಸ್ವಂತದ ಕಾರು ಓಡಿಸಲು ಲೈಸೆನ್ಸ್ ಮಾಡಿಸಿ ಬೀರುವಿನಲ್ಲಿಟ್ಟ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಮೊಳಕಾಲ್ಮುರಿನ ಕಡೆ ನನಗೆ ಗೊತ್ತಿರುವ ಒಬ್ಬಾಕೆ, ಗಂಡನ ಕಾಲು ಮುರಿದಾಗ ಆರು ತಿಂಗಳು ಲಗೇಜ್ ಆಟೋ ಓಡಿಸಿದಳು. ಮೊದಲ ವಾರ ಸ್ಟ್ಯಾಂಡಿನ ಗಂಡಸರು ನಕ್ಕರಂತೆ. ಎರಡನೆಯ ವಾರ ಬಾಡಿಗೆಯೆಲ್ಲ ಅವಳಿಗೇ ಹೋಗುತ್ತದೆಂದು ಜಗಳ ತೆಗೆದರಂತೆ. ರೇಷ್ಮೆ ಸೀರೆಯ ಗಂಟನ್ನು ಸಿಮೆಂಟಿನ ಧೂಳಿನಲ್ಲಿ ಎಸೆಯದೆ, ಕೆಳಗೆ ಹಳೆ ಬೆಡ್‌ಶೀಟ್ ಹಾಸಿ ಒಯ್ಯುತ್ತಿದ್ದವಳು ಅವಳೊಬ್ಬಳೇ. ಗಂಡ ಎದ್ದು ಓಡಾಡುವಂತಾದ ಮೇಲೆ ಕೀಲಿ ವಾಪಸು ಕೇಳಿದ. ಕೊಟ್ಟಳು. ಆದರೆ ಆರ್.ಸಿ. ಪುಸ್ತಕದಲ್ಲಿ ಮಾಲೀಕರೆಂದು ಇರುವುದು ತನ್ನ ಹೆಸರು ಎಂದು ನನಗೆ ಹೇಳಿದಳು. ಸಾಲಕ್ಕೆ ಬ್ಯಾಂಕಿನವರು ಕೇಳಿದಾಗ ಅವಳ ಸಂಘದ ಉಳಿತಾಯವೇ ಮುಂಗಡ ಆಗಿತ್ತಂತೆ. ಈಗ ಸೋಮವಾರ ಮತ್ತು ಗುರುವಾರ, ನೂಲಿನ ಬಾಡಿಗೆ ಇರುವ ದಿನ, ಗಾಡಿ ಅವಳದು.